ನಿಷೇಧಾಜ್ಞೆ, ಸಾರ್ವಜನಿಕ ಸುರಕ್ಷತೆ ಮತ್ತು ನಾಗರಿಕ ಸ್ವಾತಂತ್ರ್ಯ: ಚಿಕ್ಕಬಳ್ಳಾಪುರ ಜಿಲ್ಲೆಯ ಅನುಭವದಿಂದ ವರ್ತಕರಿಗೆ ಒಂದು ಪಾಠ

ಪೀಠಿಕೆ

ಅಂಗಡಿಯ ಬಾಗಿಲು ತೆರೆಯಬೇಕು, ಸರಕು ಹೇರಿದ ವಾಹನ ಊರಿಂದೂರಿಗೆ ಹೋಗಬೇಕು, ಕೂಲಿಯಾಳು ಬೆಳಿಗ್ಗೆ ಕೆಲಸಕ್ಕೆ ಬರಬೇಕು. ಈ ಮೂರೂ ನಡೆದರೆ ಮಾತ್ರ ವ್ಯಾಪಾರವೆಂಬುದು ನಡೆಯುತ್ತದೆ. ಗಲಭೆಯಾಗಲಿ, ಸಾಂಕ್ರಾಮಿಕ ರೋಗವಾಗಲಿ, ಅಪಾಯಕಾರಿ ಅಪರಾಧಿಗಳ ಶೋಧವಾಗಲಿ, ತುರ್ತು ಸಂದರ್ಭದಲ್ಲಿ ಆಡಳಿತವು ಮೊದಲು ತಡೆಯುವುದು ಈ ಮೂರನ್ನೇ. ಆದ್ದರಿಂದ ನಿಷೇಧಾಜ್ಞೆಯ ವಿಷಯವು ವಕೀಲರಿಗೂ ಪೊಲೀಸರಿಗೂ ಮಾತ್ರ ಸಂಬಂಧಪಟ್ಟದ್ದೆಂದು ವರ್ತಕ ಸಮುದಾಯ ಭಾವಿಸುವುದು ಸರಿಯಲ್ಲ.

ಇಂತಹ ಸಂದರ್ಭಗಳಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. "ಪ್ರಾಣ ಉಳಿದರೆ ತಾನೇ ವ್ಯಾಪಾರ, ಆದ್ದರಿಂದ ಪ್ರಶ್ನಿಸದೆ ಪಾಲಿಸಿ" ಎಂಬುದು ಒಂದು. "ಹೊಟ್ಟೆಪಾಡನ್ನೇ ತಡೆಯುವ ಆಜ್ಞೆಗೆ ಬೆಲೆ ಕೊಡಬೇಕಾಗಿಲ್ಲ" ಎಂಬುದು ಇನ್ನೊಂದು. ಎರಡೂ ಅರ್ಧ ಸತ್ಯಗಳು. ಬರೆದಿಟ್ಟ, ಕಾರಣ ತಿಳಿಸಿದ, ಕಾಲಮಿತಿಯುಳ್ಳ ಮತ್ತು ವಿನಾಯಿತಿಗೆ ದಾರಿ ತೋರಿಸುವ ಆಜ್ಞೆಯು ಸ್ವಾತಂತ್ರ್ಯವನ್ನು ಉಳಿಸುವುದಲ್ಲದೆ ಸುರಕ್ಷತೆಯನ್ನೂ ಹೆಚ್ಚಿಸುತ್ತದೆ ಎಂಬುದೇ ಈ ಲೇಖನದ ಪ್ರತಿಪಾದನೆ. ಇದನ್ನು ಪರಿಶೀಲಿಸಲು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟಗಳ ಅನುಭವಕ್ಕಿಂತ ಒಳ್ಳೆಯ ಉದಾಹರಣೆ ಬೇರೆ ಬೇಕಾಗಿಲ್ಲ.

1. ವಿದುರಾಶ್ವತ್ಥದ ನೆನಪು

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥವು ಉತ್ತರ ಪಿನಾಕಿನಿಯ ದಡದಲ್ಲಿರುವ ಯಾತ್ರಾಸ್ಥಳ. 1938ರ ಏಪ್ರಿಲ್ ತಿಂಗಳಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದ ಬಳಿಕ ಮೈಸೂರು ಸಂಸ್ಥಾನದ ಅಧಿಕಾರಿಗಳು ಹಲವೆಡೆ ನಿಷೇಧಾಜ್ಞೆಗಳ ಮೊರೆಹೊಕ್ಕಿದ್ದರು. ವಿದುರಾಶ್ವತ್ಥದಲ್ಲಿಯೂ ಸಭೆ ಹಾಗೂ ಧ್ವಜಾರೋಹಣಗಳಿಗೆ ನಿಷೇಧವಿತ್ತು. ಆಗ ಅಲ್ಲಿ ಜಾತ್ರೆಯ ಕಾಲವೂ ಹೌದು. 1938ರ ಏಪ್ರಿಲ್ 25ರಂದು ಅಲ್ಲಿ ನೆರೆದಿದ್ದ ಜನಸಮೂಹದ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯ ಬಗ್ಗೆ ಸರ್ಕಾರದ ಹೇಳಿಕೆಗೂ ಜನರ ಲೆಕ್ಕಕ್ಕೂ ದೊಡ್ಡ ಅಂತರವಿತ್ತು. ಹುತಾತ್ಮರು 32 ಮಂದಿ ಎಂಬುದು ಜನರಲ್ಲಿ ಉಳಿದು ಬಂದಿರುವ ಎಣಿಕೆ.

ಅನಂತರ ನಡೆದದ್ದನ್ನೂ ಗಮನಿಸಬೇಕು. ಘಟನೆಯ ವಿಚಾರಣೆಗೆ ನಿವೃತ್ತ ನ್ಯಾಯಮೂರ್ತಿ ಸರ್ ವೇಪಾ ರಾಮೇಶಂ ಅವರ ಸಮಿತಿ ನೇಮಕವಾಯಿತು. ಸರ್ದಾರ್ ವಲ್ಲಭಭಾಯಿ ಪಟೇಲರು ಮೈಸೂರಿಗೆ ಬಂದು ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಮಾತುಕತೆ ನಡೆಸಿದರು. 1938ರ ಮೇ ತಿಂಗಳಲ್ಲಿ ಆದ ಒಪ್ಪಂದದಂತೆ ಸಂಸ್ಥಾನದ ಧ್ವಜದ ಜೊತೆಯಲ್ಲಿ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಸಮ್ಮತಿ ದೊರೆಯಿತು. ಅಂದರೆ ಏಪ್ರಿಲ್‌ನಲ್ಲಿ ಪ್ರಾಣ ತೆಗೆದು ತಡೆದ ಕಾರ್ಯಕ್ಕೆ ಮೇ ತಿಂಗಳಲ್ಲಿ ಕುಳಿತು ಮಾತನಾಡಿದಾಗ ಅನುಮತಿ ಸಿಕ್ಕಿತು. ಮಾತುಕತೆ ಮೊದಲೇ ಆಗಿದ್ದರೆ ಆ ನಿಷೇಧದ ಅಗತ್ಯವಿತ್ತೇ ಎಂಬ ಪ್ರಶ್ನೆ ಇಂದಿಗೂ ಉಳಿದಿದೆ. ನಿಷೇಧಾಜ್ಞೆಯ ಅಧ್ಯಯನವನ್ನು ಈ ಜಿಲ್ಲೆಯವರು ಆರಂಭಿಸಬೇಕಾದುದು ಈ ಪ್ರಶ್ನೆಯಿಂದಲೇ.

2. 2020ರ ಮಾರ್ಚ್: ಅಪಾಯ ನಿಜವಾಗಿತ್ತು

ಎಂಬತ್ತೆರಡು ವರ್ಷಗಳ ತರುವಾಯ ಅದೇ ಗೌರಿಬಿದನೂರು ಬೇರೊಂದು ಬಗೆಯ ನಿರ್ಬಂಧವನ್ನು ಕಂಡಿತು. 2020ರ ಮಾರ್ಚ್‌ನಲ್ಲಿ ವಿದೇಶದಿಂದ ಹಿಂದಿರುಗಿದ ಪ್ರಯಾಣಿಕರಲ್ಲಿ ಕೋವಿಡ್ ಸೋಂಕು ಪತ್ತೆಯಾಯಿತು. ಅದೇ ತಿಂಗಳಲ್ಲಿ ತಾಲ್ಲೂಕಿನವರೊಬ್ಬರ ಸಾವೂ ಸಂಭವಿಸಿತು. ಮಾರ್ಚ್ 22ರಂದು ರಾಜ್ಯ ಸರ್ಕಾರವು ಒಂಬತ್ತು ಜಿಲ್ಲೆಗಳಲ್ಲಿ ನಿರ್ಬಂಧ ಘೋಷಿಸಿದಾಗ ಚಿಕ್ಕಬಳ್ಳಾಪುರವೂ ಆ ಪಟ್ಟಿಯಲ್ಲಿತ್ತು. ಮರುದಿನವೇ ನಿರ್ಬಂಧವನ್ನು ಇಡೀ ರಾಜ್ಯಕ್ಕೆ ವಿಸ್ತರಿಸಲಾಯಿತು. ಮಾರ್ಚ್ 25ರಿಂದ ದೇಶಾದ್ಯಂತ 21 ದಿನಗಳ ಲಾಕ್‌ಡೌನ್ ಜಾರಿಗೆ ಬಂದಿತು.

ಇಲ್ಲಿ ಅಪಾಯವು ಕಲ್ಪಿತವಾದುದಾಗಿರಲಿಲ್ಲ. ಔಷಧವೂ ಲಸಿಕೆಯೂ ಇಲ್ಲದ ರೋಗ, ಬೆಂಗಳೂರಿಗೆ ಹತ್ತಿರದ ಪಟ್ಟಣಗಳು, ಹಿಂದೂಪುರದ ಕಡೆಯ ಅಂತರರಾಜ್ಯ ಸಂಚಾರ, ಜನ ಕಿಕ್ಕಿರಿಯುವ ಸಂತೆ ಮಾರುಕಟ್ಟೆಗಳು – ಇವೆಲ್ಲವನ್ನೂ ನೋಡಿದಾಗ ಆಡಳಿತವು ಕೈಕಟ್ಟಿ ಕುಳಿತುಕೊಳ್ಳುವಂತಿರಲಿಲ್ಲ. ಆದ್ದರಿಂದ "ನಿರ್ಬಂಧ ಬೇಕಿತ್ತೇ?" ಎಂಬುದಕ್ಕಿಂತ "ಯಾವ ನಿರ್ಬಂಧ, ಎಷ್ಟು, ಯಾವಾಗಿನವರೆಗೆ, ಯಾರ ಮಾತು ಕೇಳಿ?" ಎಂಬುದೇ ಅಧ್ಯಯನಕ್ಕೆ ಯೋಗ್ಯವಾದ ಪ್ರಶ್ನೆ.

3. ರೇಷ್ಮೆ ಹುಳು ಆಜ್ಞೆಗೆ ಕಾಯುವುದಿಲ್ಲ

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆ ರಾಜ್ಯದ ಬಹುದೊಡ್ಡ ಗೂಡಿನ ಮಾರುಕಟ್ಟೆಗಳಲ್ಲಿ ಒಂದು. ಇಲ್ಲಿನ ಸರಕಿನ ಸ್ವಭಾವವನ್ನು ಅರಿಯದವರು ಬರೆಯುವ ಆಜ್ಞೆ ಹೇಗಿರುತ್ತದೆಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟ ಐದಾರನೆಯ ದಿನಕ್ಕೆ ಗೂಡು ಬಿಡಿಸಿ ಮಾರುಕಟ್ಟೆಗೆ ತರುವುದು ರೂಢಿ. ಹತ್ತು ಹನ್ನೆರಡು ದಿನ ಕಳೆದರೆ ಒಳಗಿನ ಕೋಶ ಪತಂಗವಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನಿಂದ ಎಳೆ ಮುರಿಯದೆ ನೂಲು ಬಿಚ್ಚುವುದು ಸಾಧ್ಯವಿಲ್ಲ. ಹೀಗಾಗಿ ರೈತನ ಕೈಯಲ್ಲಿರುವ ಅವಧಿ ಒಂದು ವಾರಕ್ಕೂ ಕಡಿಮೆ. ಅತ್ತ ಮನೆಯಲ್ಲಿ ಮೇಯುತ್ತಿರುವ ಹುಳುವಿಗೆ ದಿನವೂ ಹಸಿ ಸೊಪ್ಪು ಹಾಕಲೇಬೇಕು. ಇತ್ತ ಗೂಡು ಬಾರದಿದ್ದರೆ ನೂಲು ಬಿಚ್ಚಾಣಿಕೆ ಘಟಕದ ಕೂಲಿಕಾರರಿಗೆ ಅಂದಿನ ಕೂಲಿಯಿಲ್ಲ.

ಈಗ ಆಜ್ಞೆಗಳ ಒಕ್ಕಣೆಯನ್ನು ನೋಡಿ. ಕೇಂದ್ರ ಗೃಹ ಸಚಿವಾಲಯದ 2020ರ ಮಾರ್ಚ್ 24ರ ಮಾರ್ಗಸೂಚಿಯು ದಿನಸಿ, ಹಣ್ಣು, ತರಕಾರಿ, ಹಾಲು ಮತ್ತು ಪಶು ಆಹಾರದ ಅಂಗಡಿಗಳಿಗೆ ವಿನಾಯಿತಿ ನೀಡಿತು. ಆದರೆ ಆ ತರಕಾರಿಯನ್ನು ಬೆಳೆಯುವ ಹೊಲದ ಕೆಲಸಕ್ಕೂ, ಅದು ಹರಾಜಾಗುವ ಮಾರುಕಟ್ಟೆ ಪ್ರಾಂಗಣಕ್ಕೂ ಸ್ಪಷ್ಟ ವಿನಾಯಿತಿ ದೊರೆತದ್ದು ಮಾರ್ಚ್ 27ರ ಪೂರಕ ಆದೇಶದಲ್ಲಿ. ಅವಶ್ಯಕ, ಅನವಶ್ಯಕ ಎಂಬ ಭೇದವಿಲ್ಲದೆ ಎಲ್ಲ ಸರಕುಗಳನ್ನೂ ಸಾಗಿಸಬಹುದೆಂಬ ಸ್ಪಷ್ಟನೆ ಬಂದದ್ದು ಮಾರ್ಚ್ 29ರಂದು. ಚಿಂತಾಮಣಿಯ ಟೊಮೆಟೊಗೂ ಚಿಕ್ಕಬಳ್ಳಾಪುರದ ಹೂವಿಗೂ ಈ ಐದು ದಿನಗಳು ಎಷ್ಟು ದೊಡ್ಡವೆಂಬುದನ್ನು ಬೆಳೆಗಾರರಿಗೆ ಹೇಳಿಕೊಡಬೇಕಾಗಿಲ್ಲ. ದೇವಸ್ಥಾನ, ಮದುವೆ, ಜಾತ್ರೆಗಳೇ ನಿಂತಾಗ ಹೂವಿಗೆ ವಿನಾಯಿತಿ ಕೊಟ್ಟರೂ ಕೊಳ್ಳುವವರಿರಲಿಲ್ಲ ಎಂಬುದು ಬೇರೆ ಮಾತು.

ಮಾರ್ಚ್ 27ರ ಆದೇಶದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಅದು ವಿನಾಯಿತಿ ನೀಡಿದ್ದು ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಗಳು ನಡೆಸುವ ಅಥವಾ ರಾಜ್ಯ ಸರ್ಕಾರ ಅಧಿಸೂಚಿಸಿದ ಮಾರುಕಟ್ಟೆಗಳಿಗೆ. ನಮ್ಮ ಗೂಡಿನ ಮಾರುಕಟ್ಟೆಗಳು ಎಪಿಎಂಸಿಗೆ ಸೇರಿದವಲ್ಲ. ಅವು 1959ರ ಪ್ರತ್ಯೇಕ ರಾಜ್ಯ ಕಾಯ್ದೆಯೊಂದರ ಅಡಿಯಲ್ಲಿ ರೇಷ್ಮೆ ಇಲಾಖೆ ನಡೆಸುವಂಥವು. ದೆಹಲಿಯ ಆದೇಶವನ್ನು ಅಕ್ಷರಶಃ ಓದುವ ಚೆಕ್‌ಪೋಸ್ಟಿನ ಪೇದೆಗೆ ಗೂಡಿನ ಚೀಲ ಹೊತ್ತ ರೈತನು ವಿನಾಯಿತಿಯೊಳಗೆ ಬರುತ್ತಾನೆಯೇ ಇಲ್ಲವೇ ಎಂಬುದು ತಿಳಿಯುವುದು ಹೇಗೆ? ಇದು ಪೇದೆಯ ದೋಷವಲ್ಲ. ಬರೆದವರಿಗೆ ಶಿಡ್ಲಘಟ್ಟ ಗೊತ್ತಿರಲಿಲ್ಲ. ಗೊತ್ತಿದ್ದವರು ಮೊದಲೇ ಬರೆದುಕೊಟ್ಟಿರಲಿಲ್ಲ. ರಾಜ್ಯದ ಅಧಿಸೂಚನೆಯ ದಾರಿ ಆದೇಶದಲ್ಲಿಯೇ ತೆರೆದಿತ್ತು ಎಂಬುದನ್ನೂ ಮರೆಯಬಾರದು. ಅಂಥ ದಾರಿಯನ್ನು ಮೊದಲ ದಿನವೇ ತೋರಿಸಿಕೊಡುವುದು ವಾಣಿಜ್ಯ ಸಂಸ್ಥೆಗಳ ಕರ್ತವ್ಯ.

4. ಕಾನೂನು ಏನು ಹೇಳುತ್ತದೆ

ಸಂವಿಧಾನದ 19ನೆಯ ವಿಧಿಯು ಶಾಂತಿಯುತವಾಗಿ ಸಭೆ ಸೇರುವ, ದೇಶದಲ್ಲೆಲ್ಲ ಸಂಚರಿಸುವ ಮತ್ತು ವೃತ್ತಿ ವ್ಯಾಪಾರ ನಡೆಸುವ ಹಕ್ಕುಗಳನ್ನು ನೀಡಿದೆ. ಅದೇ ವಿಧಿಯು ಅವುಗಳ ಮೇಲೆ ಸಮಂಜಸವಾದ ನಿರ್ಬಂಧ ವಿಧಿಸಲು ರಾಜ್ಯಕ್ಕೆ ಅಧಿಕಾರವನ್ನೂ ಕೊಟ್ಟಿದೆ. "ಸಮಂಜಸ" ಎಂಬ ಪದದಲ್ಲಿಯೇ ಎಲ್ಲವೂ ಅಡಗಿದೆ.

ಹಿಂದೆ ದಂಡಪ್ರಕ್ರಿಯಾ ಸಂಹಿತೆಯ 144ನೆಯ ಕಲಮು ಎಂದು ಪ್ರಸಿದ್ಧವಾಗಿದ್ದ ಅಧಿಕಾರವು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೆಯ ಕಲಮಿನಲ್ಲಿದೆ. ಅದರ ಮುಖ್ಯಾಂಶಗಳು ಹೀಗಿವೆ:

(ಅ) ಆಜ್ಞೆಯು ಲಿಖಿತವಾಗಿರಬೇಕು; ಸಂದರ್ಭದ ಮುಖ್ಯ ಸಂಗತಿಗಳನ್ನು ಅದರಲ್ಲಿ ತಿಳಿಸಿರಬೇಕು.

(ಆ) ಸಾಮಾನ್ಯವಾಗಿ ಎರಡು ತಿಂಗಳಿಗಿಂತ ಹೆಚ್ಚು ಕಾಲ ಅದು ಜಾರಿಯಲ್ಲಿರತಕ್ಕದ್ದಲ್ಲ. ರಾಜ್ಯ ಸರ್ಕಾರವು ಮಾತ್ರ ಅಗತ್ಯ ಕಂಡಲ್ಲಿ ಆ ಅವಧಿಯ ಮೇಲೆ ಗರಿಷ್ಠ ಆರು ತಿಂಗಳವರೆಗೆ ವಿಸ್ತರಿಸಬಹುದು.

(ಇ) ಆಜ್ಞೆಯಿಂದ ತೊಂದರೆಗೊಳಗಾದ ಯಾವುದೇ ವ್ಯಕ್ತಿ ಅದನ್ನು ರದ್ದುಪಡಿಸಲು ಅಥವಾ ಮಾರ್ಪಡಿಸಲು ಅರ್ಜಿ ಕೊಡಬಹುದು. ಅರ್ಜಿದಾರನಿಗೆ ಬೇಗನೆ ಹಾಜರಾಗಿ ಹೇಳಿಕೊಳ್ಳುವ ಅವಕಾಶ ನೀಡಬೇಕು; ಅರ್ಜಿಯನ್ನು ತಿರಸ್ಕರಿಸಿದರೆ ಕಾರಣಗಳನ್ನು ಬರೆದಿಡಬೇಕು.

ಈ ಮೂರನೆಯ ಅಂಶ ವರ್ತಕರಲ್ಲಿ ಬಹುಮಂದಿಗೆ ತಿಳಿಯದು. ಹೈಕೋರ್ಟಿಗೆ ಹೋಗುವ ಮೊದಲು ಆಜ್ಞೆ ಹೊರಡಿಸಿದ ದಂಡಾಧಿಕಾರಿಯ ಬಳಿಯೇ ಒಂದು ಪುಟದ ಅರ್ಜಿಯಿಂದ ಮಾರ್ಪಾಡು ಕೇಳುವ ಹಕ್ಕು ನಮಗಿದೆ.

2005ರ ವಿಪತ್ತು ನಿರ್ವಹಣಾ ಕಾಯ್ದೆಯ 34ನೆಯ ಕಲಮಿನಡಿ ಜಿಲ್ಲಾ ಪ್ರಾಧಿಕಾರವು ಬಾಧಿತ ಪ್ರದೇಶದಲ್ಲಿ ಜನ ಮತ್ತು ವಾಹನ ಸಂಚಾರವನ್ನು ನಿಯಂತ್ರಿಸಬಹುದು. ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿಗಳು. ಆದೇಶ ಪಾಲಿಸಲು ನಿರಾಕರಿಸಿದರೆ 51ನೆಯ ಕಲಮಿನಡಿ ಒಂದು ವರ್ಷದವರೆಗೆ, ಅದರಿಂದ ಪ್ರಾಣಹಾನಿ ಅಥವಾ ಅಂಥ ಅಪಾಯ ಒದಗಿದರೆ ಎರಡು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಆದರೆ "ಸಮಂಜಸ ಕಾರಣವಿಲ್ಲದೆ" ಎಂಬ ಮಾತು ಆ ಕಲಮಿನಲ್ಲಿಯೇ ಇದೆ. ಕಂಪನಿ ಅಪರಾಧವೆಸಗಿದರೆ ಅದರ ಉಸ್ತುವಾರಿ ಹೊತ್ತವರೂ ಹೊಣೆಗಾರರಾಗುತ್ತಾರೆಂಬುದನ್ನು ಉದ್ಯಮಿಗಳು ನೆನಪಿಡಬೇಕು. ಸರ್ಕಾರವು ಕಟ್ಟಡ ಅಥವಾ ವಾಹನವನ್ನು ವಶಕ್ಕೆ ಪಡೆದರೆ ಪರಿಹಾರ ನೀಡಬೇಕೆಂದು ಅದೇ ಕಾಯ್ದೆಯ 66ನೆಯ ಕಲಮು ಹೇಳುತ್ತದೆ.

5. ನ್ಯಾಯಾಲಯಗಳ ಅಳತೆಗೋಲು

ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರ ಜನವರಿ 10ರಂದು ನೀಡಿದ ತೀರ್ಪು ಇಲ್ಲಿ ಮುಖ್ಯವಾದದ್ದು. ನಿಷೇಧಾಜ್ಞೆಗಳನ್ನು ಪ್ರಕಟಿಸಬೇಕು, ಕಾರಣಗಳು ಅದರಲ್ಲಿರಬೇಕು, ಅಪಾಯದ ಪ್ರಮಾಣಕ್ಕೆ ತಕ್ಕಷ್ಟೇ ನಿರ್ಬಂಧವಿರಬೇಕು, ಒಂದೇ ಬಗೆಯ ಆಜ್ಞೆಯನ್ನು ಮತ್ತೆ ಮತ್ತೆ ಹೊರಡಿಸುತ್ತಾ ಹೋಗುವುದು ಅಧಿಕಾರದ ದುರುಪಯೋಗವಾಗುತ್ತದೆ ಎಂಬುದು ಅದರ ಸಾರ.

ಈ ಅಳತೆಗೋಲನ್ನು ನಮ್ಮ ಹೈಕೋರ್ಟು ತಿಂಗಳೊಪ್ಪತ್ತಿನಲ್ಲಿಯೇ ಬಳಸಿತು. ಬೆಂಗಳೂರಿನಲ್ಲಿ 2019ರ ಡಿಸೆಂಬರ್ 18ರಂದು ಹೊರಡಿಸಿದ್ದ ನಿಷೇಧಾಜ್ಞೆಯು ಕಾನೂನುಬಾಹಿರವೆಂದು 2020ರ ಫೆಬ್ರವರಿ 13ರಂದು ತೀರ್ಪಾಯಿತು. ಕೆಳಗಿನವರ ವರದಿ ಬಂದ ಮಾತ್ರಕ್ಕೆ ಸಾಲದು. ಆಜ್ಞೆ ಹೊರಡಿಸುವ ಅಧಿಕಾರಿ ತಾನೇ ವಿವೇಚಿಸಿ ಅಭಿಪ್ರಾಯಕ್ಕೆ ಬಂದಿರುವುದು ಅದರಲ್ಲಿ ಕಾಣಬೇಕು ಎಂಬುದು ಅದರಿಂದ ದೊರೆಯುವ ಪಾಠ.

ಉದ್ಯೋಗದಾತರಿಗೆ ನೇರವಾಗಿ ತಟ್ಟಿದ ಎರಡು ತೀರ್ಪುಗಳೂ ಇವೆ. ಲಾಕ್‌ಡೌನ್ ಅವಧಿಗೆ ಪೂರ್ಣ ವೇತನ ಕೊಡಬೇಕೆಂದು ಕೇಂದ್ರವು 2020ರ ಮಾರ್ಚ್ 29ರಂದು ಹೊರಡಿಸಿದ್ದ ಆದೇಶದ ಬಗ್ಗೆ, ಫೈಕಸ್ ಪ್ಯಾಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಜೂನ್ 12ರಂದು ಮಾಲೀಕರು ಮತ್ತು ಕಾರ್ಮಿಕರು ಮಾತುಕತೆಯ ಮೂಲಕ ಇತ್ಯರ್ಥಕ್ಕೆ ಬರಲೆಂದು ಸೂಚಿಸಿ, ಮಾಲೀಕರ ಮೇಲೆ ಬಲವಂತದ ಕ್ರಮವನ್ನು ತಡೆಯಿತು. ಇನ್ನೊಂದೆಡೆ ಗುಜರಾತ್ ಮಜ್ದೂರ್ ಸಭಾ ಪ್ರಕರಣದಲ್ಲಿ, ಸಾಂಕ್ರಾಮಿಕದ ನೆಪದಲ್ಲಿ ಕಾರ್ಖಾನೆ ಕಾಯ್ದೆಯ ಕೆಲಸದ ಅವಧಿ ಮತ್ತು ಓವರ್‌ಟೈಮ್ ರಕ್ಷಣೆಗಳನ್ನು ಸಡಿಲಿಸಿದ್ದ ಅಧಿಸೂಚನೆಗಳನ್ನು ಅದೇ ವರ್ಷದ ಅಕ್ಟೋಬರ್ 1ರಂದು ರದ್ದುಪಡಿಸಿತು. ತುರ್ತು ಪರಿಸ್ಥಿತಿಯನ್ನು ಸರ್ಕಾರ ನಮ್ಮ ವಿರುದ್ಧ ಹಿಗ್ಗಿಸಬಾರದೆಂದು ಕೇಳುವ ನಾವು, ಕಾರ್ಮಿಕರ ವಿರುದ್ಧ ಅದನ್ನು ಹಿಗ್ಗಿಸಲು ಒಪ್ಪಬಾರದು. ನ್ಯಾಯದ ತಕ್ಕಡಿ ಎರಡೂ ಕಡೆಗೆ ಒಂದೇ.

6. ಕಿರಿದಾದ ಸಮಯ, ದೊಡ್ಡ ಗುಂಪು

ಎರಡನೆಯ ಅಲೆಯಲ್ಲಿ, 2021ರ ಏಪ್ರಿಲ್ 27ರ ರಾತ್ರಿಯಿಂದ ರಾಜ್ಯದಲ್ಲಿ ಮತ್ತೆ ಕಠಿಣ ನಿರ್ಬಂಧ ಬಂದಿತು. ಅವಶ್ಯಕ ವಸ್ತುಗಳ ಅಂಗಡಿಗಳಿಗೆ ಬೆಳಿಗ್ಗೆ 6ರಿಂದ 10 ಗಂಟೆಯವರೆಗೆ ಅವಕಾಶವಿತ್ತು. ಹೊರನೋಟಕ್ಕೆ ಇದು ಕಟ್ಟುನಿಟ್ಟಿನ ಕ್ರಮ. ಆದರೆ ಹನ್ನೆರಡು ಗಂಟೆಗಳಲ್ಲಿ ಹಂಚಿಹೋಗುತ್ತಿದ್ದ ಗಿರಾಕಿಗಳನ್ನು ನಾಲ್ಕು ಗಂಟೆಗಳಿಗೆ ತುರುಕಿದರೆ ಅಂಗಡಿಯ ಮುಂದಿನ ಗುಂಪು ದೊಡ್ಡದಾಗುತ್ತದೆಯೇ ವಿನಾ ಚಿಕ್ಕದಾಗುವುದಿಲ್ಲ. ನಿರ್ಬಂಧ ಹೆಚ್ಚಾದಷ್ಟೂ ಸುರಕ್ಷತೆ ಹೆಚ್ಚುತ್ತದೆಂಬ ಎಣಿಕೆ ಸದಾ ಸರಿಯಲ್ಲ. ಗಿರಾಕಿಗಳ ಓಡಾಟವನ್ನು ದಿನವೂ ನೋಡುವ ವರ್ತಕನ ತಿಳಿವಳಿಕೆ ಆಡಳಿತಕ್ಕೆ ಉಪಯುಕ್ತವಾಗುವುದು ಇಂಥ ಕಡೆಯಲ್ಲಿಯೇ.

ಈ ಮಾತಿಗೆ ಹೊರದೇಶದ ಒಂದು ನಿದರ್ಶನವೂ ಇದೆ. ಅಮೆರಿಕದ ಬಾಸ್ಟನ್‌ನಲ್ಲಿ 2013ರ ಏಪ್ರಿಲ್ 15ರಂದು ಮ್ಯಾರಥಾನ್ ಓಟದ ವೇಳೆ ಬಾಂಬ್ ಸ್ಫೋಟವಾಗಿ ಮೂವರು ಸತ್ತರು. ಏಪ್ರಿಲ್ 19ರಂದು ಆರೋಪಿಯ ಶೋಧಕ್ಕಾಗಿ ನಗರ ಹಾಗೂ ಸುತ್ತಲಿನ ಊರುಗಳ ಜನರನ್ನು ಮನೆಯೊಳಗೇ ಇರುವಂತೆ ಕೋರಲಾಯಿತು. ಅದು ಶಿಕ್ಷೆಯ ಬೆದರಿಕೆಯಿದ್ದ ಕರ್ಫ್ಯೂ ಆಗಿರಲಿಲ್ಲ, ವಿನಂತಿಯಾಗಿತ್ತು, ಕಾರಣವೂ ಸ್ಪಷ್ಟವಾಗಿತ್ತು, ಜನ ಪಾಲಿಸಿದರು. ದಿನವಿಡೀ ಹುಡುಕಿದರೂ ಆರೋಪಿ ಸಿಗಲಿಲ್ಲ. ಸಂಜೆ ನಿರ್ಬಂಧ ತೆಗೆದ ಸ್ವಲ್ಪ ಹೊತ್ತಿನಲ್ಲಿಯೇ, ಮನೆಯಿಂದ ಹೊರಬಂದ ನಿವಾಸಿಯೊಬ್ಬರು ತಮ್ಮ ಹಿತ್ತಲಿನಲ್ಲಿದ್ದ ದೋಣಿಯಲ್ಲಿ ಯಾರೋ ಅಡಗಿರುವುದನ್ನು ಕಂಡು ಪೊಲೀಸರಿಗೆ ತಿಳಿಸಿದರು. ನಾಗರಿಕರ ಕಣ್ಣೂ ಸುರಕ್ಷತೆಯ ಸಾಧನವೇ. ಎಲ್ಲರನ್ನೂ ಒಳಗೆ ಕೂರಿಸಿದರೆ ಆ ಕಣ್ಣನ್ನೂ ಮುಚ್ಚಿದಂತಾಗುತ್ತದೆ.

7. ಖಾಸಗಿತನ ಮತ್ತು ವಾಹನ ಜಪ್ತಿ

2020ರ ಮಾರ್ಚ್‌ನಲ್ಲಿ ಮನೆಯಲ್ಲಿಯೇ ಪ್ರತ್ಯೇಕವಾಗಿರಬೇಕಾದವರ ವಿಳಾಸಗಳ ಪಟ್ಟಿಯನ್ನು ರಾಜ್ಯದಲ್ಲಿ ಬಹಿರಂಗಪಡಿಸಲಾಗಿತ್ತು. ಅವರು ಗಂಟೆಗೊಮ್ಮೆ ತಮ್ಮ ಭಾವಚಿತ್ರವನ್ನು ಮೊಬೈಲ್ ಆ್ಯಪ್ ಮೂಲಕ ಕಳುಹಿಸಬೇಕೆಂದೂ ಸೂಚಿಸಲಾಗಿತ್ತು. ಸೋಂಕು ಹರಡದಂತೆ ನೋಡುವ ಉದ್ದೇಶವೇನೋ ಯೋಗ್ಯವೇ. ಆದರೆ ವಿಳಾಸವು ಆರೋಗ್ಯ ಸಿಬ್ಬಂದಿಗೆ ತಿಳಿದಿರುವುದು ಬೇರೆ, ಬೀದಿಗೆಲ್ಲ ತಿಳಿಯುವುದು ಬೇರೆ. ಸಣ್ಣ ಪಟ್ಟಣದಲ್ಲಿ ಮನೆಯ ಗುರುತು ಸಿಕ್ಕರೆ ಆ ಮನೆಯವರ ಅಂಗಡಿಗೆ ರೋಗ ಹೋದ ಮೇಲೂ ಗಿರಾಕಿ ಬರಲು ಹಿಂಜರಿಯುತ್ತಾನೆ. ಖಾಸಗಿತನವು ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟು ಸಾರಿದ ಪ್ರಕರಣವು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನಲ್ಲಿದೆ ಎಂಬುದನ್ನು ನಾವು ನೆನೆಯಬೇಕು.

ವಾಹನಗಳ ಜಪ್ತಿಯೂ ಇಂಥದೇ ವಿಷಯ. ಸರಕು ಸಾಗಿಸುವವನಿಗೆ ವಾಹನವೇ ಜೀವನೋಪಾಯ. ಲಾಕ್‌ಡೌನ್‌ನಲ್ಲಿ ಜಪ್ತಿಯಾಗಿ ಠಾಣೆಗಳಲ್ಲಿ ನಿಂತಿದ್ದ ವಾಹನಗಳನ್ನು ನಿಗದಿತ ಮೊತ್ತ ಕಟ್ಟಿಸಿಕೊಂಡು ಬಿಡುಗಡೆ ಮಾಡಲು ಹೈಕೋರ್ಟು 2020ರ ಏಪ್ರಿಲ್ ಕೊನೆಯಲ್ಲಿ ಅವಕಾಶ ನೀಡಿದ ಮೇಲೆಯೇ ಅನೇಕರಿಗೆ ಅವು ಮರಳಿ ಸಿಕ್ಕವು.

8. ವಾಣಿಜ್ಯ ಸಂಸ್ಥೆಗಳು ಇಂದೇ ಮಾಡಬಹುದಾದ ಕೆಲಸ

ಬೆಂಕಿ ಬಿದ್ದಾಗ ಬಾವಿ ತೋಡುವುದರಿಂದ ಪ್ರಯೋಜನವಿಲ್ಲ. ಶಾಂತಿಯ ಕಾಲದಲ್ಲಿ ನಾಲ್ಕೂ ಪಟ್ಟಣಗಳ ವರ್ತಕ ಸಂಘಗಳು ಈ ಕೆಳಗಿನವನ್ನು ಸಿದ್ಧಪಡಿಸಿಡುವುದು ಒಳಿತು:

1) ಕೆಡುವ ಸರಕುಗಳ ಪಟ್ಟಿ. ಗೂಡು, ಟೊಮೆಟೊ, ಹೂವು, ದ್ರಾಕ್ಷಿ, ಸೊಪ್ಪು, ಹಾಲು – ಪ್ರತಿಯೊಂದೂ ಎಷ್ಟು ದಿನ ತಾಳುತ್ತದೆ, ಯಾವ ಮಾರುಕಟ್ಟೆಗೆ ಹೋಗುತ್ತದೆ, ಆ ಮಾರುಕಟ್ಟೆ ಯಾವ ಇಲಾಖೆಯದು ಎಂಬುದನ್ನು ಒಂದೇ ಹಾಳೆಯಲ್ಲಿ ಬರೆದು ಜಿಲ್ಲಾಧಿಕಾರಿಗಳಿಗೆ ಹಾಗೂ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಸಲ್ಲಿಸುವುದು.

2) ಪಾಸ್ ವಿತರಣೆಯ ವಿಧಾನ. ಯಾರು, ಎಲ್ಲಿ, ಎಷ್ಟು ಹೊತ್ತಿನೊಳಗೆ ಕೊಡಬೇಕೆಂಬುದನ್ನು ಮೊದಲೇ ಒಪ್ಪಿಕೊಂಡಿರುವುದು. ದೊಡ್ಡ ವರ್ತಕನಿಗೆ ಫೋನಿನಲ್ಲಿ, ಗಾಡಿಯ ಮೇಲೆ ತರಕಾರಿ ಮಾರುವವಳಿಗೆ ಮೂರು ದಿನ ಅಲೆದ ಮೇಲೆ ಪಾಸ್ ಸಿಗುವಂತಾಗಬಾರದು.

3) ಆಜ್ಞೆಯ ಕನ್ನಡ ಪ್ರತಿ. ಗಡಿಯ ಕಡೆ ತೆಲುಗಿನಲ್ಲಿಯೂ ಸಾರಾಂಶವಿರಲಿ. ಅದನ್ನು ಪ್ರತಿ ಅಂಗಡಿಯ ಮುಂದೆ ಅಂಟಿಸುವ ಹೊಣೆಯನ್ನು ಸಂಘವೇ ಹೊತ್ತುಕೊಳ್ಳುವುದು. ಕೈಯಲ್ಲಿ ಪ್ರತಿ ಇದ್ದರೆ ಚೆಕ್‌ಪೋಸ್ಟಿನಲ್ಲಿ ವಾದಕ್ಕೆ ಬದಲು ಓದು ನಡೆಯುತ್ತದೆ.

4) ನಷ್ಟದ ಲೆಕ್ಕ. ದಿನಾಂಕ, ಸ್ಥಳ, ಸರಕಿನ ತೂಕ, ತಡೆದ ಕಾರಣ – ಇವನ್ನು ಅಂದೇ ಬರೆದಿಡುವುದು. ಮಾರ್ಪಾಡಿನ ಅರ್ಜಿಗೂ ಪರಿಹಾರದ ಕೋರಿಕೆಗೂ ಇದೇ ಆಧಾರ.

5) ನಮ್ಮ ಕಡೆಯ ಶಿಸ್ತು. ವಿನಾಯಿತಿಯ ಪಾಸನ್ನು ದುರುಪಯೋಗಪಡಿಸುವ, ಕೊರತೆಯ ನೆಪದಲ್ಲಿ ಬೆಲೆ ಏರಿಸುವ ಸದಸ್ಯನ ಬಗ್ಗೆ ಸಂಘ ಮೌನ ವಹಿಸಿದರೆ, ನಾಳೆ ಎಲ್ಲರ ವಿನಾಯಿತಿಗೂ ಕುತ್ತು ಬರುತ್ತದೆ.

ಉಪಸಂಹಾರ

ಯಾವುದೇ ನಿಷೇಧಾಜ್ಞೆ ನಮ್ಮ ಮುಂದೆ ಬಂದಾಗ ಸದಸ್ಯರು ಐದು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ಇದು ಬರಹದಲ್ಲಿದೆಯೇ? ಕಾರಣ ಹೇಳಿದೆಯೇ? ಯಾವ ಪ್ರದೇಶಕ್ಕೆ, ಯಾವ ದಿನದವರೆಗೆ? ಇದಕ್ಕಿಂತ ಸೌಮ್ಯವಾದ ಕ್ರಮದಿಂದ ಇದೇ ಉದ್ದೇಶ ಈಡೇರುತ್ತಿತ್ತೇ? ವಿನಾಯಿತಿ ಬೇಕಾದವನು ಯಾರ ಬಳಿ ಹೋಗಬೇಕು? ಐದಕ್ಕೂ ಉತ್ತರವಿದ್ದರೆ ನಷ್ಟವಾದರೂ ಆ ಆಜ್ಞೆಯನ್ನು ಮನಃಪೂರ್ವಕ ಪಾಲಿಸುವುದು ನಮ್ಮ ಧರ್ಮ. ನೆರೆಯವನ ಪ್ರಾಣದ ಮುಂದೆ ಒಂದು ವಾರದ ವಹಿವಾಟು ದೊಡ್ಡದಲ್ಲ. ಉತ್ತರವಿಲ್ಲದಿದ್ದರೆ ಆಜ್ಞೆಯನ್ನು ಮುರಿಯದೆ, ಅಂದೇ ಲಿಖಿತವಾಗಿ ಉತ್ತರ ಕೇಳುವುದು ನಮ್ಮ ಹಕ್ಕು.

ವಿದುರಾಶ್ವತ್ಥದ ಸ್ಮಾರಕವನ್ನು ನೋಡಲು ಹೋಗುವ ನಾವು ಅಲ್ಲಿ ಕೈಮುಗಿದು ಹಿಂದಿರುಗುತ್ತೇವೆ. ಆಡಳಿತವೂ ಜನರೂ ಆಜ್ಞೆಗೆ ಮೊದಲೇ ಒಂದೆಡೆ ಕುಳಿತು ಮಾತನಾಡಬೇಕೆಂಬ ಪಾಠವನ್ನೂ ಅಲ್ಲಿಂದ ತರುವುದಾದರೆ, ಮುಂದಿನ ತುರ್ತು ಸಂದರ್ಭದಲ್ಲಿ ಶಿಡ್ಲಘಟ್ಟದ ರೈತನ ಗೂಡು ಮನೆಯಲ್ಲಿಯೇ ತೂತಾಗುವ ಪ್ರಸಂಗ ಬರಲಾರದು.